ದಾರಿ ಪುಟಗಳ ಅಣ್ಣ

ನಮ್ಮ ಸಂಸ್ಥೆಯ ಸ್ಮರಣ ಸಂಚಿಕೆಗೆ ಅವರ ಬಗ್ಗೆ ಅರ್ಧ ಪುಟ ಬರೆದುಕೊಡಿ ಎಂದಿದ್ದರು, ಬರೆದುಕೊಟ್ಟೆ. ಸರಳ ಜೀವಿ, ಹಸನ್ಮುಖಿ, ಕರ್ತವ್ಯನಿಷ್ಠರು ಎಂದೆಲ್ಲ ಅದರಲ್ಲಿದೆ. ಅಚ್ಚಾಗಿ ಬಂದ ಮೇಲೆ ಓದಿದರೆ ಯಾರ ಬಗ್ಗೆ ಬರೆದದ್ದೆಂದು ನನಗೇ ಗೊತ್ತಾಗಲಿಲ್ಲ. ಅವರು ಸರಳ ಜೀವಿಯಲ್ಲ, ಮಹಾ ಹಟಮಾರಿ. ಹಸನ್ಮುಖಿಯಂತೂ ಖಂಡಿತ ಅಲ್ಲ. ಬೆಳಿಗ್ಗೆ ಚಹಾ ಆಗುವ ಮೊದಲು ಯಾರಾದರೂ ಮಾತಾಡಿಸಿದರೆ ಮುಖ ಗಂಟಿಕ್ಕಿಕೊಂಡು ಇನ್ನೊಂದು ಕಡೆ ತಿರುಗುತ್ತಿದ್ದರು. ಈಗ ಸರಿಯಾಗಿ ಬರೆಯುತ್ತೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಅವರ ಹೆಸರನ್ನು ನಾನು ಒಮ್ಮೆ ಉಪಯೋಗಿಸಿಕೊಂಡದ್ದೇ ಸಾಕು.

ಕುಂದಾಪುರದಲ್ಲಿ ನಮ್ಮದೊಂದು ಸಣ್ಣ ಸಂಸ್ಥೆ. ಇನ್ನು ಗುಣವಾಗುವುದಿಲ್ಲ ಎಂದು ಆಸ್ಪತ್ರೆಯವರು ಮನೆಗೆ ಕಳಿಸಿಬಿಟ್ಟವರ ಬಳಿ ನಮ್ಮ ನರ್ಸುಗಳು ಹೋಗುತ್ತಾರೆ. ಗಾಯ ತೊಳೆಯುತ್ತಾರೆ, ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ಕಲಿಸುತ್ತಾರೆ, ನೋವಿನ ಮದ್ದು ಕೊಡುತ್ತಾರೆ. ಬದುಕಿಸುತ್ತೇವೆ ಎಂದು ನಾವು ಯಾರಿಗೂ ಹೇಳುವುದಿಲ್ಲ. ನೋವು ತಿನ್ನುತ್ತಾ ಸಾಯಲು ಬಿಡುವುದಿಲ್ಲ, ಅಷ್ಟೇ ನಮ್ಮ ಮಾತು. ನಾನು ಅಲ್ಲಿ ಮೇಲ್ವಿಚಾರಕಿ. ಊರು ಕೊಕ್ಕರ್ಣೆ ಕಡೆ, ಗದ್ದೆ ಇದ್ದ ಮನೆ. ಆಳುಗಳಿಗೆ ಕೆಲಸ ಹೇಳುವುದನ್ನು ನೋಡುತ್ತಲೇ ಬೆಳೆದವಳು. ಆಫೀಸಿನಲ್ಲಿ ಪುಸ್ತಕದ ಕನ್ನಡವನ್ನೇ ಮಾತಾಡುತ್ತಿದ್ದೆ. ಮನೆಯ ಮಾತು ಬಾಯಿಗೆ ಬಂದರೆ ಎಲ್ಲಿ ಸಲಿಗೆಯಾಗಿಬಿಡುತ್ತದೋ ಎಂಬ ಹೆದರಿಕೆ.

ಎಲ್ಲರೂ ಅಣ್ಣ ಎಂದು ಕರೆಯುತ್ತಿದ್ದ ಅವರು ನಾವುಂದದವರು. ಮೀನುಗಾರರ ಮನೆತನವಾದರೂ ಕಡಲಿಗೆ ಹೋದವರಲ್ಲ. ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು, ಹಾರ್ನ್ ಹೊಡೆಯುತ್ತ, ಬಂದರಿನಿಂದ ಒಳನಾಡಿನ ಮನೆಮನೆಗೆ ಮೀನು ಒಯ್ದು ಮಾರಿದವರು. ಕೆರಾಡಿಯಲ್ಲಿ ಕಾಡಿಗೆ ಅಂಟಿಕೊಂಡ ಒಂಟಿ ಮನೆಗಳಿಗೂ ಅವರ ಹಾರ್ನ್ ಕೇಳುತ್ತಿತ್ತಂತೆ. ಒಂದು ಮಳೆಗಾಲ ಬೈಕ್ ಜಾರಿ ಬಿದ್ದು ಬಲಗಾಲಿಗೆ ರಾಡ್ ಹಾಕಿಸಿಕೊಂಡರು, ವ್ಯಾಪಾರ ನಿಂತಿತು. ನಮಗೂ ಆಗ ದಾರಿ ಗೊತ್ತಿರುವವರೊಬ್ಬರು ಬೇಕಾಗಿತ್ತು. ಫೋನಿನ ನಕ್ಷೆ ನಂಬಿಕೊಂಡು ಹೋದ ನಮ್ಮ ವ್ಯಾನು ಅಷ್ಟರಲ್ಲಾಗಲೇ ಎರಡು ಸಲ ಯಾರದೋ ಗದ್ದೆಯಂಚಿನಲ್ಲಿ ಹೂತು ನಿಂತಿತ್ತು. ಹಾಗೆ ಅವರು ಬಂದು ಕಂಪ್ಯೂಟರಿನ ಮುಂದೆ ಕೂತರು. ಚಕ್ರದ ಕುರ್ಚಿ ಕೊಟ್ಟರೆ, “ಇದ್ರ್ ಮೇಲ್ ಕೂತ್ರೆ ಜಾರ್ದಂಗೆ ಆತ್ತ್,” ಎಂದು ಸ್ಟೂಲು ತರಿಸಿಕೊಂಡರು.

ಅವರಿಗೆ ವಹಿಸಿದ್ದು ವಿಕಿ. ವಿಕಿ ಎಂದರೆ ಸಂಸ್ಥೆಯೊಳಗಿನವರು ಮಾತ್ರ ಓದಿ, ಬರೆದು, ತಿದ್ದುವ ಪುಟಗಳು. ಒಬ್ಬೊಬ್ಬ ರೋಗಿಗೆ ಒಂದು ಪುಟ, ಆ ಮನೆಗೆ ಹೋಗುವ ದಾರಿಗೆ ಇನ್ನೊಂದು. ಪ್ರತಿ ಪುಟಕ್ಕೂ ಒಂದು ವಾಯಿದೆ ಇರುತ್ತದೆ. ತಾರೀಕು ದಾಟಿದ ಕೂಡಲೆ ಪುಟದ ತಲೆಯ ಮೇಲೆ ಕೆಂಪು ಲೇಬಲ್ ತಾನಾಗಿ ಬಂದು ಕೂರುತ್ತದೆ. ಪುಟ ಯಾರ ಹೆಸರಿನಲ್ಲಿದೆಯೋ ಅವರು ನೋಡಿ, ಸರಿಯಿದ್ದರೆ ವಾಯಿದೆ ಮುಂದುವರಿಸಬೇಕು. ಇನ್ನು ಬೇಡವಾದರೆ ಆರ್ಕೈವಿಗೆ, ಅಂದರೆ ಹಳೆಯದರ ಕಪಾಟಿಗೆ, ಹಾಕಬೇಕು. ದಾರಿ ಪುಟಗಳೆಲ್ಲ ಅವರ ಹೆಸರಿಗಿದ್ದವು.

ಮೊದಲ ವಾರವೇ ಸ್ಟೂಲಿನಿಂದ ತಿರುಗಿ ಕೇಳಿದರು:

“ಇದೆಂತ ಮೇಡಂ, ಎಕ್ಸ್‌ಪೈರ್ಡ್ ಅಂದ್ರೆ?”

“ವಾಯಿದೆ ಮುಗಿದಿದೆ ಅಂತ.”

“ಮುಗ್ದ್ರೆ ನರ್ಸ್ ಎಂತ ಮಾಡ್ಕ್? ಹೋಪುದಾ, ಹೋಪುದ್ ಬ್ಯಾಡ್ದಾ?”

“ಅದನ್ನು ಲೇಬಲ್ ಹೇಳುವುದಿಲ್ಲ,” ಎಂದೆ.

“ಈ ಹೆಸ್ರ್ ಬದ್ಲ್ ಮಾಡುಕ್ ಆತ್ತಾ?”

“ಆಗ್ತದೆ. ಲೇಬಲಿನ ಹೆಸರು, ಬಣ್ಣ ಎಲ್ಲ ನಮಗೆ ಬೇಕಾದ ಹಾಗೆ ಇಟ್ಟುಕೊಳ್ಳಬಹುದು.”

“ಹಂಗಾರೆ ಅದನ್ ನಂಗೆ ಬಿಡಿ.”

ಅವತ್ತು ಸಂಜೆಯೊಳಗೆ ನಮ್ಮ ವಿಕಿಯ ಲೇಬಲುಗಳು ಬದಲಾದವು. ಚಾಲ್ತಿಯಲ್ಲಿರುವ ಪುಟಕ್ಕೆ ‘ಹಸಿ’. ವಾಯಿದೆ ಮುಗಿದದ್ದಕ್ಕೆ ‘ಬಾಡಿದ್ದ್’. ಆರ್ಕೈವಿಗೆ ಹೋದದ್ದು ‘ಒಣಗ್ಸಿ ಇಟ್ಟದ್’. ಅದಲ್ಲದೆ ತಂತ್ರಾಂಶದವರು ಕನಸಲ್ಲೂ ಎಣಿಸದ ನಾಲ್ಕನೆಯದೊಂದನ್ನು ಅವರೇ ಸೇರಿಸಿದರು, ಹಳದಿ ಬಣ್ಣದ್ದು: ‘ಕೇಂಡೇ ಹೋಯ್ಕ್’. ಕೇಳಿಯೇ ಹೋಗಬೇಕು ಎಂದರ್ಥ. ಪುಟದಲ್ಲಿ ಎಂತ ಬರೆದಿದ್ದರೂ ಸೈ, ಆ ಮನೆಗೆ ಹೊರಡುವ ಮೊದಲು ಅಣ್ಣನ ಸ್ಟೂಲಿನ ಹತ್ತಿರ ಬಂದು ಹೋಗಬೇಕು. ನರ್ಸುಗಳು ಎರಡು ದಿನ ನಕ್ಕರು. ಮೂರನೆಯ ದಿನದಿಂದ, “ಅಣ್ಣ, ಬೈಂದೂರ್ ಅಜ್ಜನ ದಾರಿ ಹಸಿಯಾ?” ಎಂದು ಕೇಳತೊಡಗಿದರು. ಆಮೇಲೆ ಯಾರಿಗೂ ಅದು ನಗುವ ವಿಷಯವಾಗಿ ಉಳಿಯಲಿಲ್ಲ.

ಬೇರೆ ಊರಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಒಳಗಿನ ಮನೆಗಳಿಗೆ ಹೋಗಲು ತೋಡು, ಅಂದರೆ ಸಣ್ಣ ಹಳ್ಳ, ದಾಟಬೇಕು. ಬೇಸಗೆಯಲ್ಲಿ ಸೀರೆ ಎತ್ತಿ ಹಿಡಿದುಕೊಂಡು ಇಳಿದು ದಾಟಿದರಾಯಿತು. ಮಳೆ ಹಿಡಿಯುವ ಮುಂಚೆ ಮನೆಯವರೇ ನಾಲ್ಕು ಮರ ಸೇರಿಸಿ ಕಟ್ಟಿ ಕಾಲುಸಂಕ ಹಾಕಿಕೊಳ್ಳುತ್ತಾರೆ. ಹೋದ ವರ್ಷ ಹಾಕಿದ ಜಾಗದಲ್ಲೇ ಈ ವರ್ಷವೂ ಹಾಕುತ್ತಾರೆ ಎಂದಿಲ್ಲ. ಹಾಕಲು ಗಂಡಾಳು ಸಿಗದಿದ್ದರೆ ಹಾಕುವುದೇ ಇಲ್ಲ. ಹಾಕಿದ್ದು ಮೊದಲ ದೊಡ್ಡ ಮಳೆಗೆ ನಿಲ್ಲುತ್ತದೆ ಎಂದೂ ಇಲ್ಲ. ಆದ್ದರಿಂದ ಅಣ್ಣ ಎಲ್ಲ ದಾರಿ ಪುಟಗಳ ವಾಯಿದೆಯನ್ನೂ ಮೇ ಕೊನೆಯ ವಾರಕ್ಕೇ ಇಟ್ಟಿದ್ದರು. ಆ ವಾರ ಪರದೆ ತುಂಬ ಕೆಂಪು. ಆಮೇಲೆ ಫೋನು ಹಿಡಿದು ಒಂದೊಂದೇ ಮನೆಗೆ ಮಾಡುತ್ತ ಬರುವರು. ಸಂಕ ಇದೆಯಾ ಎಂದು ಅವರು ಕೇಳುತ್ತಿರಲಿಲ್ಲ. “ಇವತ್ತ್ ಯಾರ್ ದಾಟಿದ್?” ಎಂದು ಕೇಳುತ್ತಿದ್ದರು. ಆಚೆಯವರು, ಸಂಕ ಇತ್ತಂಬ್ರ್, ಅಂದರೆ ಇದೆಯಂತೆ, ಎಂದರೆ ಅವರಿಗೆ ರೇಗುತ್ತಿತ್ತು. “ಇತ್ತಂಬ್ರ್ ಎಲ್ಲ ಬ್ಯಾಡ. ದಾಟಿದವ್ರ್ ಇದ್ರೆ ಅವ್ರಿಗ್ ಫೋನ್ ಕೊಡಿ!” ದಾಟಿದವರ ಬಾಯಿಂದ ಕೇಳಿದ ಮೇಲೆಯೇ ಆ ಒಂದು ಪುಟ ಹಸಿ ಆಗುತ್ತಿತ್ತು. ಅಲ್ಲಿಯವರೆಗೆ ಹಳದಿ.

ರೋಗಿ ತೀರಿಕೊಂಡರೆ ಪುಟವನ್ನು ಅಳಿಸಲು ಬಿಡುತ್ತಿರಲಿಲ್ಲ. ಜಾಗ ತುಂಬುತ್ತದೆ, ಹಳೆಯದನ್ನೆಲ್ಲ ತೆಗೆದುಹಾಕುವ ಎಂದು ನಾನೊಮ್ಮೆ ಹೇಳಿದ್ದಕ್ಕೆ, “ಒಣ್‌ಮೀನ್ ಮಳಿಗಾಲಕ್ಕ್ ಬೇಕಾತ್ತ್ ಮೇಡಂ,” ಎಂದು ಮುಖ ತಿರುಗಿಸಿದರು. ಬೈಂದೂರಿನ ಆಚೆಯ ಒಬ್ಬರು ಸತ್ತು ವರ್ಷವಾದ ಮೇಲೆ ಅದೇ ಓಣಿಯಲ್ಲಿ ಅವರ ತಮ್ಮನ ಹೆಂಡತಿ ಹಾಸಿಗೆ ಹಿಡಿದಳು. ಒಣಗಿಸಿಟ್ಟ ಪುಟ ತೆಗೆದು ನೋಡಿದರೆ, ಯಾವ ಮನೆಯ ನಾಯಿ ಕಟ್ಟಿರುವುದಿಲ್ಲ ಎಂಬವರೆಗೆ ಎಲ್ಲವೂ ಇತ್ತು. ಅಣ್ಣ ಅವತ್ತು ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಜಂಬ.

ಜಂಬ ಅವರಲ್ಲಿ ಬೇಕಾದಷ್ಟಿತ್ತು. ಹೊಸ ನರ್ಸುಗಳು ಅಳುವ ಹಾಗೆ ಮಾಡುತ್ತಿದ್ದರು. ದಾರಿ ಬರೆಯುವಾಗ ‘ಸ್ವಲ್ಪ ಮುಂದೆ’ ಎಂದು ಬರೆದ ಹುಡುಗಿಯನ್ನು ಎಲ್ಲರೆದುರು, “ಸ್ವಲ್ಪ ಅಂದ್ರೆ ನಿಮ್ ಮಾವನ್ ಮನಿ ಅಳತ್ಯಾ?” ಎಂದು ಕೇಳಿದ್ದರು. ಓದುವಾಗ ಮೀನಿನ ಕಿವಿರು ಎತ್ತಿ ನೋಡಿದವರ ಹಾಗೆ ಹೆಬ್ಬೆರಳನ್ನು ಪರದೆಗೆ ಒತ್ತಿ ಹಿಡಿಯುವರು. ಅವರ ಪರದೆಯ ಮೂಲೆಯಲ್ಲಿ ಯಾವಾಗಲೂ ಬೆರಳಿನ ಗುರುತು. ನಾನು ಬಟ್ಟೆ ತಂದು ಅವರೆದುರೇ ಒರಸುತ್ತಿದ್ದೆ. ಅದರ ಅರ್ಥ ಅವರಿಗೆ ತಿಳಿಯುತ್ತಿತ್ತು, ನನಗೂ ತಿಳಿಯುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಒಂದು ದಿನ, ಯಾರೂ ಕೇಳದೆ, ಅವರು ಒಂದು ಕತೆ ಹೇಳಿದರು. ನಮ್ಮಲ್ಲೊಬ್ಬಳು ಬಂಗುಡೆ ಹುರಿದು ತಂದಿದ್ದಳು, ತಟ್ಟೆಗೆ ಹಾಕಲು ಬಂದರೆ ಬೇಡವೆಂದರು.

“ಬಂಗ್ಡಿ ನಾ ತಿಂಬುದ್ ಬಿಟ್ಟ್ ಸುಮಾರ್ ವರ್ಷ ಆಯ್ತ್. ಒಂದಿನ ಬಂದರಲ್ ಮೀನ್ ಇಲ್ಲೆ. ನಿನ್ನಿದ್ ಬಂಗ್ಡಿ ಪೆಟ್ಟಿಗಿಯಲ್ ಉಳ್ದಿತ್ತ್. ಐಸ್ ಹಾಕಿ ತಕಂಡ್ ಹೋದೆ. ಕೆರಾಡಿಯಲ್ ಒಂದ್ ಮನಿ ಅಮ್ಮ ಕೇಂಡ್ರ್, ‘ಹಸಿಯಾ?’ ಅಂದೇಳಿ. ‘ಹಸಿ ಅಮ್ಮ, ಈಗ ಬಂದದ್’ ಅಂದೆ. ಇಡೀ ಮನಿ ಎರಡ್ ದಿನ ವಾಂತಿ ಮಾಡ್ತಂಬ್ರ್.”

“ಆಮೇಲೆ?”

“ಆಮೇಲೆ ಎಂತ? ಒಂದ್ ತಿಂಗ್ಳ್ ಆ ಓಣಿಯಲ್ ಹಾರ್ನ್ ಹೊಡೀಲಿಲ್ಲೆ. ಕಡಿಗ್ ಒಂದಿನ ಆ ಅಮ್ಮ ರಸ್ತಿಗೇ ಬಂದ್ ನಿಂತಿದ್ರ್. ‘ಎಂತ, ನಮ್ಮನಿ ದಾರಿ ಮರ್ತ್ ಹೋಯ್ತಾ?’ ಅಂದ್ರ್. ಮೀನ್ ತಕಂಡ್ರ್. ಒಂದ್ ಮಾತ್ ಹೇಳ್ಲಿಲ್ಲೆ. ಬೈದಿದ್ರೆ ನಾ ಬದ್ಕ್‌ತಿದ್ದೆ ಮರ್ರೆ.”

ಆ ಅಮ್ಮನೇ ಕೆಲವು ವರ್ಷದ ಮೇಲೆ ನಮ್ಮ ರೋಗಿಯಾದರು. ಹೊಟ್ಟೆಯಲ್ಲಿ ಗಡ್ಡೆ. ಸುದ್ದಿ ತಂದವರು ಅಣ್ಣನೇ, ಹೆಸರು ಬರೆಸಿದವರೂ ಅವರೇ. ಮನೆಯಲ್ಲಿ ಅಮ್ಮ, ಮದುವೆಯಾಗದ ಮಗಳು, ಇಬ್ಬರೇ. ಆ ಮನೆಯ ದಾರಿ ಪುಟದಲ್ಲಿ ಎರಡು ದಾರಿ ಬರೆದಿದ್ದರು. ಒಂದು ತೋಡು ದಾಟಿ, ಹತ್ತಿರದ್ದು. ಇನ್ನೊಂದು ಕಾಡಿನೊಳಗಿಂದ ಸುತ್ತಿ ಮನೆಯ ಹಿತ್ತಲಿಗೆ ಬರುವ ಜೀಪಿನ ದಾರಿ. ‘ಮಳೆಗಾಲದಲ್ಲಿ ಸಂಕ ಇರುತ್ತದೆ, ನೆರೆಮನೆಯವರು ಹಾಕಿಕೊಡುತ್ತಾರೆ’ ಎಂದು ಹಿಂದಿನ ವರ್ಷ ಬರೆದದ್ದು. ವಾಯಿದೆ, ಎಲ್ಲದರಂತೆ, ಮೇ ಕೊನೆಯ ವಾರ.

ಇನ್ನು ನನ್ನ ಸಂಗತಿ.

ನಮ್ಮ ಸಂಸ್ಥೆಯನ್ನು ನಡೆಸುವವರು ಮುಂಬೈಯಲ್ಲಿ ಹೋಟೆಲಿಟ್ಟು ಮೇಲೆ ಬಂದ ಊರಿನವರೇ. ಕೆಟ್ಟವರಲ್ಲ. ಬಂದಾಗ ಪರದೆಯ ಮೇಲೆ ಎಲ್ಲ ಅಚ್ಚುಕಟ್ಟಾಗಿ ಕಾಣಬೇಕು, ಅಷ್ಟೆ. ಒಂದು ಸಲ ಬಂದವರಲ್ಲಿ ಒಬ್ಬರು ವಿಕಿ ನೋಡಿ, “ಇದೆಂತ ಮರ್ರೆ, ಹಸಿ, ಬಾಡಿದ್ದ್ ಅಂದೇಳಿ? ಆಫೀಸಾ, ಮೀನ್ ಮಾರ್ಕೆಟಾ?” ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅಣ್ಣ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಅವರೊಡನೆ ಯಾರೂ ಏನನ್ನೂ ಕೇಳಲಿಲ್ಲ.

ಮುಂದಿನ ಸಲ ಅವರು ಅತಿಥಿಗಳನ್ನು ಕರೆದುಕೊಂಡು ಜೂನ್ ಮೊದಲ ವಾರ ಬರುತ್ತೇವೆಂದು ತಿಳಿಸಿದರು. ಪುಟಗಳೆಲ್ಲ ಅಪ್‌ಡೇಟ್ ಆಗಿರಲಿ ಎಂಬುದೊಂದು ಸಾಲು. ಅಣ್ಣ ಆಗಲೇ ಕಾಲಿನ ರಾಡ್ ತೆಗೆಸಲು ಆಸ್ಪತ್ರೆ ಸೇರಿದ್ದರು. ಪರದೆ ನೋಡಿದರೆ ಮೇಲಿನಿಂದ ಕೆಳಗಿನವರೆಗೂ ಕೆಂಪು. ಬಾಡಿದ್ದ್, ಬಾಡಿದ್ದ್, ಬಾಡಿದ್ದ್. ಮೊದಲು ಲೇಬಲುಗಳ ಹೆಸರು ಬದಲಿಸಿದೆ: ‘ಚಾಲ್ತಿಯಲ್ಲಿದೆ’, ‘ಅವಧಿ ಮುಗಿದಿದೆ’, ‘ದಾಖಲೆ’. ‘ಕೇಂಡೇ ಹೋಯ್ಕ್’ ಯಾವ ಕ್ರಮಕ್ಕೂ ಹೊಂದದ್ದು, ಅದನ್ನು ತೆಗೆದೇಬಿಟ್ಟೆ. ಆದರೂ ಕೆಂಪು ಕೆಂಪೇ. ವಾಯಿದೆ ಮುಂದುವರಿಸಲು ಪುಟದ ಯಜಮಾನರ ಹೆಸರಿನಲ್ಲೇ ಒಳಗೆ ಹೋಗಬೇಕಿತ್ತು. ಅಣ್ಣನಿಗೆ ಪಾಸ್‌ವರ್ಡ್ ನೆನಪಿರುತ್ತಿರಲಿಲ್ಲ. ಚೀಟಿಯಲ್ಲಿ ಬರೆದು ಕೀಬೋರ್ಡಿನ ಅಡಿಗೆ ಇಟ್ಟಿದ್ದರು. ತೆಗೆದೆ. ಎಲ್ಲ ಪುಟಗಳನ್ನೂ ಒಟ್ಟಿಗೆ ಆರಿಸಿ, ವಾಯಿದೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿದೆ. ಖಚಿತವೇ ಎಂದು ಕೇಳಿತು. ಖಚಿತ ಎಂದು ಒತ್ತಿದೆ. ಪರದೆ ಪೂರ್ತಿ ಹಸಿರಾಯಿತು, ನನಗೆ ಸಮಾಧಾನವಾಯಿತು. ಬಂದವರು ಮೆಚ್ಚಿಕೊಂಡು, ಫೋಟೋ ತೆಗೆಸಿಕೊಂಡು ಹೋದರು.

ವಾರ ಕಳೆದು ಅಣ್ಣ ಊರುಗೋಲು ಹಿಡಿದು ಬಂದರು. ಕೂತು, ಹೆಬ್ಬೆರಳು ಒತ್ತಿ, ತುಂಬ ಹೊತ್ತು ನೋಡಿದರು.

“ಇದ್ ಯಾರ್ ಮಾಡಿದ್ದ್?”

“ನಾನೇ. ಅವರು ಬಂದು ಹೋಗುವವರೆಗೆ ಇರಲಿ ಅಂತ.”

“ಬಂದ್ ಹೋದ್ರಲೆ. ಎಲ್ಲಾದನ್ನೂ ಒಟ್ಟಿಗೆ ಬಾಡಿದ್ದ್ ಮಾಡಿ ಕೊಡಿ. ಮತ್ತೆ ನಾ ಕಾಂತೆ.”

“ಈಗ ಬೇಡ. ವಾರದ ವರದಿ ಅವರಿಗೆ ತಾನಾಗಿ ಹೋಗ್ತದೆ. ಪುನಃ ಪೂರ್ತಿ ಕೆಂಪು ಕಂಡರೆ ಎಂತ ಅಂತ ಹೇಳುವುದು? ನೀವು ಒಂದೊಂದಾಗಿ ನೋಡಿ ಸರಿಮಾಡಿಕೊಂಡು ಬನ್ನಿ.”

“ಮಳಿ ವರದಿ ಓದುದಿಲ್ಲೆ ಮೇಡಂ.”

“ನಾನು ಹೇಳಿದಷ್ಟು ಮಾಡಿ,” ಎಂದೆ. ನಮ್ಮ ಮನೆಯ ಜಗಲಿಯಲ್ಲಿ ಕೇಳುತ್ತಿದ್ದ ದನಿಯೇ ನನ್ನ ಬಾಯಿಂದ ಬಂದಿತ್ತು.

ಅವರು ಫೋನು ತೆಗೆದುಕೊಂಡು ಪಟ್ಟಿಯ ಮೇಲಿನಿಂದ, ಬೈಂದೂರಿನ ಕಡೆಯಿಂದ, ಶುರುಮಾಡಿದರು. “ಇವತ್ತ್ ಯಾರ್ ದಾಟಿದ್?” ದಿನಕ್ಕೆ ಏಳೆಂಟು ಮನೆ ಆಗುತ್ತಿತ್ತು. ಒಳಗಿನ ಮನೆಗಳಲ್ಲಿ ಫೋನು ಹತ್ತುವುದೇ ಕಷ್ಟ. ಕೆರಾಡಿ ಪಟ್ಟಿಯ ಕೊನೆಯಲ್ಲಿತ್ತು.

ಮೂರನೆಯ ದಿನ ಮಳೆ ಹಿಡಿಯಿತು. ರಾತ್ರಿಯಿಡೀ ಸುರಿದು ಬೆಳಿಗ್ಗೆಯೂ ಬಿಟ್ಟಿರಲಿಲ್ಲ. ಕೆರಾಡಿಯ ಅಮ್ಮನ ಮಗಳು ಸಿಗ್ನಲ್ ಸಿಗುವ ಗುಡ್ಡ ಹತ್ತಿ ಫೋನು ಮಾಡಿ, ಮದ್ದು ನಿನ್ನೆಯೇ ಖಾಲಿಯಾಗಿದೆ, ಅಮ್ಮನಿಗೆ ತಡೆಯಲಾಗುತ್ತಿಲ್ಲ, ಬೇಗ ಬನ್ನಿ ಎಂದಳು, ಅಷ್ಟರಲ್ಲಿ ಲೈನು ಕಡಿಯಿತು. ಆ ಮನೆಗೆ ಯಾವಾಗಲೂ ಹೋಗುವ ನರ್ಸು ರಜೆಯಲ್ಲಿದ್ದಳು. ಹೊಸಬಳನ್ನು, ಹೊಸ ಚಾಲಕನನ್ನು ಕಳಿಸಿದೆ. ಹೊರಡುವಾಗ ಹುಡುಗಿ ಪುಟ ತೆಗೆದು ನೋಡಿದಳು. ಚಾಲ್ತಿಯಲ್ಲಿದೆ. ತೋಡಿನ ದಾರಿ ಹತ್ತಿರ, ಸಂಕ ಇರುತ್ತದೆ. ಅಣ್ಣ ಹತ್ತು ಹೆಜ್ಜೆ ದೂರದಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದರು. ಅವರನ್ನು ಕೇಳು ಎಂದು ಯಾವ ಲೇಬಲೂ ಅವಳಿಗೆ ಹೇಳಲಿಲ್ಲ.

ಸಂಕ ಇರಲಿಲ್ಲ. ಕೊಚ್ಚಿಕೊಂಡು ಹೋದದ್ದಲ್ಲ, ಆ ವರ್ಷ ಹಾಕಿಯೇ ಇರಲಿಲ್ಲ. ಹಾಕಿಕೊಡುತ್ತಿದ್ದ ನೆರೆಮನೆಯವರು ಊರು ಬಿಟ್ಟಿದ್ದರು. ವ್ಯಾನನ್ನು ದೂರದಲ್ಲಿ ನಿಲ್ಲಿಸಿ ಕೆಸರಲ್ಲಿ ನಡೆದುಹೋದ ಹುಡುಗಿ ತೋಡಿನ ಈಚೆ ನಿಂತಳು. ಮನೆ ಅಲ್ಲೇ ಎದುರಿಗೆ. ಅಂಗಳದಲ್ಲಿ ಮಗಳು ಕೈ ಬೀಸುತ್ತಿದ್ದಳಂತೆ, ಬಾ ಎಂದು ಬೀಸಿದಳೋ ಬೇಡ ಎಂದು ಬೀಸಿದಳೋ ಮಳೆಯಲ್ಲಿ ತಿಳಿಯಲಿಲ್ಲವಂತೆ. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ವಾಪಸು ನಡೆದು, ವ್ಯಾನು ಹಿಂದಕ್ಕೆ ತೆಗೆದು, ಸಿಗ್ನಲ್ ಸಿಗುವಲ್ಲಿಗೆ ಬಂದು ಅವಳು ಆಫೀಸಿಗೆ ಫೋನು ಮಾಡುವಾಗ ಮಧ್ಯಾಹ್ನ ದಾಟಿತ್ತು.

ಫೋನು ಎತ್ತಿದವರು ಅಣ್ಣ. ಅವರ ಮುಖ ನಾನು ನೋಡುತ್ತಲೇ ಇದ್ದೆ. ಬೈಯಲಿಲ್ಲ. ಕೂಗಲೂ ಇಲ್ಲ.

“ಹೆದ್ರ್‌ಬೇಡ ಹೆಣ್ಣೇ. ಬಂದ್ ದಾರಿಯಲ್ಲೇ ಹಿಂದ್ ಬಾ. ಎಡಕ್ಕೊಂದ್ ಹಳೀ ಶಾಲಿ ಕಾಂತ್ತ್. ಅಲ್ಲಿಂದ ಮೇಲ್ ಹತ್ತ್. ಗೇಟ್ ಇತ್ತ್, ಬೀಗ ಇಲ್ಲೆ, ತೆಗುಕ್ ಆತ್ತ್. ಹೋಯ್ಕ್ ಹೋಯ್ಕ್, ನಿಲ್ಸುಕಾಗ. ಡ್ರೈವರನ್ ಕೈಲ್ ಹೇಳ್, ಬಲ್ದಿ ಬದಿ ಹೊಂಡ ಇತ್ತ್, ಎಡಕ್ಕೇ ಹಿಡ್ಕ್.”

ಸಿಗ್ನಲ್ ಹೋಗುವವರೆಗೂ ಅವರು ತಿರುವು ತಿರುವಾಗಿ ಹೇಳುತ್ತಲೇ ಇದ್ದರು. ಹೋದ ಮೇಲೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

ಹುಡುಗಿ ಹಿತ್ತಲಿಗೆ ಮುಟ್ಟಿದಾಗ ಅಮ್ಮ ತೀರಿಕೊಂಡು ಸ್ವಲ್ಪ ಹೊತ್ತಾಗಿತ್ತು. ಬೆಳಗಿನಿಂದ ಕೂಗಿ ಕೂಗಿ ಕೊನೆಗೆ ದನಿಯೇ ಬರುತ್ತಿರಲಿಲ್ಲ, ಬಾಯಿ ಮಾತ್ರ ತೆರೆಯುತ್ತಿತ್ತು ಎಂದು ಮಗಳು ಹೇಳಿದಳಂತೆ. ಹೇಗೂ ಹೋಗುವ ಜೀವವಾಗಿತ್ತು, ಅದು ಎಲ್ಲರಿಗೂ ಗೊತ್ತು. ಆದರೆ ಹಾಗೆ ಹೋಗಬೇಕಾಗಿರಲಿಲ್ಲ. ಹಾಗೆ ಹೋಗಲು ಬಿಡುವುದಿಲ್ಲ ಎಂದು ಆ ಮನೆಯ ಜಗಲಿಯಲ್ಲಿ ಕೂತು ಮಾತು ಕೊಟ್ಟವಳು ನಾನೇ.

ವಿಚಾರಣೆ ಮುಂಬೈಯಿಂದ ವಿಡಿಯೋದಲ್ಲಿ ನಡೆಯಿತು. ಪರದೆಯಲ್ಲಿ ಮೂವರು. ಈಚೆ ನಾನು, ಅಣ್ಣ, ಅತ್ತು ಕಣ್ಣು ಊದಿಸಿಕೊಂಡಿದ್ದ ಆ ಹುಡುಗಿ. ವಿಕಿಯಲ್ಲಿ ಪ್ರತಿ ಪುಟದ ಚರಿತ್ರೆ ಇರುತ್ತದೆ. ಯಾವ ದಿನ, ಎಷ್ಟು ಗಂಟೆಗೆ, ಯಾರು ಏನು ಬದಲಿಸಿದರು ಎಂಬುದು. ಮುಂಬೈಯವರೊಬ್ಬರು ಅದನ್ನು ಗಟ್ಟಿಯಾಗಿ ಓದಿದರು. ವಾಯಿದೆ ಒಂದು ವರ್ಷ ಮುಂದುವರಿಸಲಾಗಿದೆ. ಮಾಡಿದವರು ಎಂದು ಅಣ್ಣನ ಪೂರ್ತಿ ಹೆಸರು, ಅಪ್ಪನ ಹೆಸರಿನ ಮೊದಲಕ್ಷರ ಸಮೇತ.

“ನೋಡದೆ ಹೇಗೆ ಮುಂದುವರಿಸಿದಿರಿ?” ಎಂದು ಕೇಳಿದರು.

ವಾಯಿದೆ ಮುಂದುವರಿಸಿದ ಆ ದಿನ ಅಣ್ಣ ಆಸ್ಪತ್ರೆಯಲ್ಲಿದ್ದರು. ರಜೆಯ ಅರ್ಜಿ ನನ್ನ ಮೇಜಿನ ಖಾನೆಯಲ್ಲೇ ಇತ್ತು. ಅವರು ಪರದೆಯ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ಬಂದರಿನಲ್ಲಿ ದೋಣಿ ಬರುವುದನ್ನು ಕಾಯುವವರ ಹಾಗೆ ಸುಮ್ಮನೆ ಕಾದರು. ನಾನು ಎದುರಿನ ಕಾಗದಗಳನ್ನು ಜೋಡಿಸಿದೆ. ಮೂಲೆಗೆ ಮೂಲೆ ಕೂಡಿಸಿ, ತಟ್ಟಿ, ಮತ್ತೊಮ್ಮೆ ಜೋಡಿಸಿದೆ.

“ಹೆಸ್ರ್ ನಂದೇ ಇತ್ತಲೆ,” ಎಂದರು ಅಣ್ಣ. ಆಮೇಲೆ, ಯಾರಿಗೂ ಅಲ್ಲದೆ, “ಕಂಡ್ ಮೇಲೂ ಮೂರ್ ದಿನ ಬಿಟ್ಟೆ. ಮೊದ್ಲ್ ಅದೇ ಮನಿಗ್ ಫೋನ್ ಮಾಡ್ಕಿತ್ತ್. ಆ ಅಮ್ಮನಿಗ್ ನಾ ಎರಡ್ನೇ ಸಲ ಹಳ್ಸಿದ್ದ್ ಕೊಟ್ಟೆ,” ಎಂದರು.

ಮುಂಬೈಯವರಿಗೆ ಆ ಮಾತು ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಇಷ್ಟು ವರ್ಷ ನಾನು ಹಿಡಿದುಕೊಂಡು ಬಂದದ್ದು ಅದನ್ನೇ: ಅವರೇ ಒಪ್ಪಿಕೊಂಡರಲ್ಲ, ನಾನೇನು ಸುಳ್ಳು ಹೇಳಲಿಲ್ಲವಲ್ಲ ಎಂದು. ಸುಳ್ಳು ಹೇಳಲಿಲ್ಲ, ನಿಜ. ಹೇಳಬೇಕಾದ ಅಗತ್ಯವೇ ಬೀಳಲಿಲ್ಲ.

ಅವರೇ ಕೆಲಸ ಬಿಟ್ಟರು. ಬಿಡಿಸುವ ಶ್ರಮವನ್ನೂ ಯಾರಿಗೂ ಕೊಡಲಿಲ್ಲ. ಸ್ಟೂಲನ್ನು ಗೋಡೆಗೆ ಸರಿಸಿಟ್ಟು, ಪಾಸ್‌ವರ್ಡ್ ಚೀಟಿಯನ್ನು ನನ್ನ ಕೈಗೇ ಕೊಟ್ಟು ಹೋದರು. ಮರು ತಿಂಗಳು ನಾನು ಒಂದು ಸುತ್ತೋಲೆ ಹೊರಡಿಸಿದೆ. ದಾರಿ ಪುಟಗಳನ್ನು ಒಟ್ಟಿಗೆ ಮುಂದುವರಿಸುವಂತಿಲ್ಲ. ಆ ದಿನ ದಾಟಿದ ವ್ಯಕ್ತಿಯೊಡನೆ ಮಾತಾಡಿದ ಮೇಲೆಯೇ ಚಾಲ್ತಿಯ ಲೇಬಲ್ ಹಾಕಬೇಕು. ಸಂಶಯವಿದ್ದರೆ ‘ವಿಚಾರಿಸಿ ತೆರಳಿ’ ಎಂಬ ಹಳದಿ ಲೇಬಲ್. ಕೆಳಗೆ ನನ್ನ ಸಹಿ. ಮುಂಬೈಯವರು ಬಹಳ ಮೆಚ್ಚಿಕೊಂಡರು. ಬೇರೆ ಜಿಲ್ಲೆಯ ಇಂಥದೇ ಸಂಸ್ಥೆಯವರಿಗೆ ಅದರ ಬಗ್ಗೆ ಹೇಳಲು ನನ್ನನ್ನು ಕಳಿಸಿದರು, ಶಾಲು ಹೊದಿಸಿದರು, ಹೊದಿಸಿಕೊಂಡು ಬಂದೆ.

ಅವರು ನಾವುಂದದಲ್ಲಿ ಮನೆಯ ಎದುರು ಕೂತು ಬಲೆ ಸರಿಮಾಡಿಕೊಡುತ್ತಿದ್ದಾರೆಂದು ನರ್ಸುಗಳು ಹೇಳುತ್ತಿದ್ದರು. ಆ ಕಡೆ ಹೋದಾಗಲೆಲ್ಲ ಅವರು ಅಣ್ಣನನ್ನು ಮಾತಾಡಿಸಿ ಬರುವರು. ನಾನೂ ಹೆದ್ದಾರಿಯಲ್ಲಿ ಎಷ್ಟು ಸಲ ಆ ಊರು ದಾಟಿಲ್ಲ. ಇಳಿಯಲಿಲ್ಲ. ಈ ವರ್ಷ ಒಂದು ಬೆಳಿಗ್ಗೆ, ಬಲೆ ಮಡಿಲಲ್ಲಿ ಇರುವಾಗಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು ಎಂದು ಸುದ್ದಿ ಬಂತು.

ಹನ್ನೆರಡು ದಿನ ಕಳೆದ ಮೇಲೆ ಹೋದೆ. ಈಗಲಾದರೂ ಹೇಳಿಬಿಡುತ್ತೇನೆ, ಅವರ ಹೆಂಡತಿಗಾದರೂ ಗೊತ್ತಾಗಲಿ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಆಕೆ ನನ್ನನ್ನು ಗುರುತು ಹಿಡಿದು, ಇದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರಸಿ ಕೂರಿಸಿದರು. ತಾನು ಹೊಸ್ತಿಲ ಬಳಿ ಕೂತರು. ಚಹಾ ಕುಡಿದೆ. ಮಾತು ಎಲ್ಲಿಂದ ಎತ್ತುವುದೆಂದು ನೋಡುತ್ತಿರುವಾಗ ಅವರೇ ಶುರುಮಾಡಿದರು.

“ಅಲ್ಲಿಂದ ಬಂದ್ ಮೇಲೆ ಅವ್ರ್ ಕೆರಾಡಿ ಬದಿಗೇ ಹೋಯ್ಲಿಲ್ಲೆ ಮೇಡಂ. ‘ನನ್ನ್ ಹೆಸ್ರಲ್ ಒಂದ್ ಅಮ್ಮ ಕೂಗ್ಕಂಡ್ ಸತ್ರ್’ ಅಂದೇಳಿ ಒಂದೇ ಸಲ ಹೇಳಿದ್ ನಂಗೆ. ಮತ್ತೆ ಆ ಸುದ್ದಿಯೇ ಎತ್ತಲಿಲ್ಲೆ.”

“ಅಕ್ಕ, ಅದು...” ಎಂದೆ.

“ಅವ್ರ್ ಮಾಡಿದ್ ತಪ್ಪಿಂದ ನಿಮ್ಗೂ ಆ ದೊಡ್ಡವ್ರ್ ಎದ್ರ್ ತಲಿ ತಗ್ಗ್‌ಸುವಂಗ್ ಆಯ್ತಲ್ದಾ? ಕೆಲ್ಸ ಕೊಟ್ಟವ್ರಿಗೇ ಹೀಂಗ್ ಆಯ್ತಲ ಅಂದೇಳಿ ನಂಗೆ ಯಾವತ್ತೂ ಬೇಜಾರ್. ಅವ್ರ್ ನಿಮ್ಮತ್ರ ಬಪ್ಪೂಕೆ ಇಲ್ಲೆ ಇನ್ನ್. ಅವ್ರ್ ಬದ್ಲಿಗ್ ನಾ ಕೇಣ್ತೆ. ಮನ್ಸಲ್ ಇಟ್ಕಣ್ಬೇಡಿ ಮೇಡಂ.” ಆಕೆ ಕೈ ಮುಗಿದಿದ್ದರು.

ಒಂದು ವಾಕ್ಯ ಸಾಕಿತ್ತು. ಅದು ನಾಲಗೆಯ ಮೇಲೇ ಇತ್ತು. ಆಕೆ ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದರು.

“ಹೋಗಲಿ ಬಿಡಿ ಅಕ್ಕ,” ಎಂದೆ. “ಮನುಷ್ಯರೆಂದ ಮೇಲೆ ತಪ್ಪಾಗ್ತದೆ. ನಾನು ಅದನ್ನೆಲ್ಲ ಅಂದೇ ಮರೆತಿದ್ದೇನೆ.”

ಆಕೆ ಕಣ್ಣೊರಸಿಕೊಂಡು, ನನ್ನ ಎರಡೂ ಕೈಗಳನ್ನು ಹಿಡಿದು ಹಣೆಗೆ ಒತ್ತಿಕೊಂಡರು.

“ನಿಮ್ದ್ ದೊಡ್ಡ್ ಮನ್ಸ್ ಮೇಡಂ,” ಎಂದರು.